ಹಾಲ್ಬೇರಾಳ ಕಲ್ಲು

ಸರೋವರದ ದಡದ ಮರಳಡಿ ಬಿಸಿನೀರಿನ ಬುಗ್ಗೆ ಹಗಲಿರುಳೂ ಬುಳುಬುಳು ಎನ್ನುತ್ತಿತ್ತು. ಸ್ಟೈನ್‌ವೋರ್ ಮುದುಕಿಗೆ ಅದೇ ಒಲೆ. ರೈ ಎಂಬ ಧಾನ್ಯದ ಹಿಟ್ಟು ಕಲಸಿ ತುಂಬಿದ ಡಬರಿಯನ್ನು ಅಲ್ಲಿ ಹೂತು, ಗುರುತಿಗೊಂದು ಕಲ್ಲಿಟ್ಟು ಬಂದರೆ ಮರುದಿನ ಬ್ರೆಡ್ಡು ಸಿದ್ಧ. ತನ್ನ ಬ್ರೆಡ್ಡಿಗೆ ಊರಿನಲ್ಲೇ ಸಾಟಿಯಿಲ್ಲವೆಂಬುದು ಅವಳ ಹೆಮ್ಮೆ. ಪಕ್ಕದ ಮನೆಯ ಹಾಲ್ಬೇರಾ ಅದೇ ದಡದಲ್ಲಿ ತನ್ನ ಕಲ್ಲಿನಡಿ ಹೂತು ಮಾಡಿದ್ದನ್ನು ಇಟ್ಟಿಗೆ ಎಂದು ಹಂಗಿಸುತ್ತಿದ್ದಳು.

ಅಂದು ಕಾಫಿಗೆ ಬಂದ ಪಾದ್ರಿ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದು ಕಣ್ಣು ಮುಚ್ಚಿದರು. “ಸ್ಟೈನ್‌ವೋರಮ್ಮ, ಇಷ್ಟು ರುಚಿಯಾಗಿ ನೀವು ಯಾವತ್ತೂ ಮಾಡಿರಲಿಲ್ಲ!”

“ಎಲ್ಲಾ ಕೈಗುಣ, ಪಾದ್ರಿಗಳೇ,” ಎಂದಳು ಅವಳು.

ಅಷ್ಟರಲ್ಲಿ ಹಾಲ್ಬೇರಾ ಡಬರಿ ಹಿಡಿದು ಬಂದಳು. “ಕನ್ನಡಕ ಮರೆತುಹೋಗಿ ನನ್ನ ಕಲ್ಲು ಎತ್ತಿ ನನ್ನ ಡಬರಿ ತಂದಿದ್ದೀಯಲ್ಲೇ! ತಗೋ, ನಿನ್ನದು ಇದು.”

ಪಾದ್ರಿಯ ಕೈ ಮತ್ತೆ ಮೇಜಿನ ಮೇಲಿದ್ದ ಹಾಲ್ಬೇರಾಳ ಬ್ರೆಡ್ಡಿನತ್ತಲೇ ಚಾಚಿತು. ಸ್ಟೈನ್‌ವೋರ್ ಸಲಿಕೆ ಹೆಗಲಿಗೇರಿಸಿ ಬಾಗಿಲು ದಾಟಿದಳು. “ನೋಡಿದ್ರಾ, ಅವಳ ಜಾಗದ ಮರಳೇ ಹೆಚ್ಚು ಬಿಸಿ! ಇನ್ಮೇಲೆ ನಾನೂ ಡಬರಿ ಹೂಳೋದು ಅಲ್ಲೇ, ಅವಳ ಕಲ್ಲಿನ ಪಕ್ಕದಲ್ಲೇ...”