ಬೀಗರಿಗೆ ಹೇಳದ ಎರಡು ಬಾಟಲಿ ರಕ್ತ

ಬೆಳಿಗ್ಗೆ ಎರಡನೆಯ ರೊಟ್ಟಿ ಹಂಚಿನ ಮೇಲಿರುವಾಗಲೇ ಫೋನು ಬಂತು. ಅತನೂರಿಗೆ ಕೊಟ್ಟ ನಾದಿನಿ ಶರಣಮ್ಮನಿಗೆ ರಕ್ತ ತೀರ ಕಡಿಮೆಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಒಲೆ ಆರಿಸಿ ಅತ್ತೆಯೊಂದಿಗೆ ಓಡಿದೆ.

"ಮೊದಲ ಎಂದಾರ ರಕ್ತ ಹಾಕ್ಯಾರೇನ್ರಿ?" ಲ್ಯಾಬಿನ ಹೆಣ್ಣುಮಗಳು ಕೇಳಿದಳು. ಎದುರಿನ ಬೆಂಚಿನಲ್ಲಿ ಬೀಗರು ಕುಳಿತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, "ಇಲ್ರಿ ಯವ್ವಾ, ನಮ್ಮ ಹುಡುಗಿ ಗಟ್ಟಿ ಅದಾಳ" ಎಂದರು.

ಮಧ್ಯಾಹ್ನವಾದರೂ ರಕ್ತ ಬರಲಿಲ್ಲ. ಅದೇ ಗುಂಪಿನ ಮೂವರ ರಕ್ತ ನೋಡಿದರೂ ಹೊಂದಲಿಲ್ಲವಂತೆ. ಶರಣಮ್ಮನ ತುಟಿ ಸುಣ್ಣದಂತಾಗಿತ್ತು. ಲ್ಯಾಬಿನಾಕೆ ಮತ್ತೆ ಬಂದಳು. "ಒಮ್ಮೆ ಬ್ಯಾರೇದವ್ರ ರಕ್ತ ಹೋದ್ರ, ಮುಂದ ಒಮ್ಮೊಮ್ಮೆ ಮೈ ಎಲ್ಲಾರದೂ ಒಪ್ಪೂದಿಲ್ರಿ. ಖರೇ ಹೇಳ್ರಿ."

ಅತ್ತೆ ನನ್ನನ್ನು ಮೂಲೆಗೆಳೆದು ಪಿಸುಗುಟ್ಟಿದರು: "ಚೊಚ್ಚಲ ಹೆರಿಗಿಯಾಗ ಎರಡು ಬಾಟ್ಲಿ ಹಾಕಿಸಿದ್ವಿ. ಬೀಗರಿಗೆ ಗೊತ್ತಾದ್ರ ರೋಗದ ಹುಡುಗಿ ಕೊಟ್ರು ಅಂತಾರಲ್ಲ!"

ಸಿಟ್ಟಿನಿಂದ ಲ್ಯಾಬಿನಾಕೆಯ ಹತ್ತಿರ ಹೋಗಿ, ಬೀಗರ ಎದುರೇ ಎಲ್ಲ ಹೇಳಿಬಿಟ್ಟೆ. "ಇಷ್ಟಕ್ಕ ಮುಚ್ಚಿಟ್ರೇನ್ರಿ?" ಎಂದು ಬೀಗಿತ್ತಿ ಕಣ್ಣೊರೆಸಿಕೊಂಡರು. ಲ್ಯಾಬಿನವರು ಬೇರೆ ಪರೀಕ್ಷೆ ಮಾಡಿ, ಹೊಂದುವ ರಕ್ತ ಹುಡುಕಿ ತರಿಸಿ, ಹನಿ ಬೀಳತೊಡಗಿದಾಗ ನಾಲ್ಕು ಗಂಟೆ.

ಸಂಜೆ ಪಕ್ಕದ ಮನೆಯ ಕಾಶೀಬಾಯಿಯವರಿಗೆ ಇದನ್ನೆಲ್ಲ ಹೇಳಿಕೊಂಡೆ. ಮೆಂತ್ಯೆ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತದೇ ಅಂದರು: "ನಮ್ಮ ಮಗಳಿಗೂ ಹೋದ ವರ್ಷ ಹಾಕಿಸೀವ್ರಿ. ಆಕಿ ಅತ್ತಿ ಮುಂದ ಮಾತ್ರ ಅನ್ನಬ್ಯಾಡ್ರಿ ಮತ್ತ."