ತಪ್ಪಿಲ್ಲದ ಪತ್ರ

ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಒತ್ತಕ್ಷರದ ಮಾವ ಎಂದೇ. ಕೈಗೆ ಕರೆಯೋಲೆ ಕೊಟ್ಟರೂ ಮೊದಲು ಕಾಗುಣಿತ ನೋಡುವ ಆಸಾಮಿ!

ಹೆಂಡತಿಗೆ ಕಡಲೆಂದರೆ ಪ್ರಾಣ. ಕಡಲತೀರದ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಉಳಿಯುವ ಹಕ್ಕನ್ನು, ಅದೇ ಟೈಮ್‌ಶೇರನ್ನು, ಅವಳ ಹೆಸರಿನಲ್ಲೇ ಕೊಂಡಿದ್ದರು. ಮುಂದಿನ ವರ್ಷ ಹೋದರಾಯಿತು ಎನ್ನುತ್ತಿರುವಾಗಲೇ ಅವಳು ತೀರಿಕೊಂಡಳು. ಆಮೇಲೆ ಆ ವಾರ ಯಾರಿಗೆ ಬೇಕು? ಮಾರಲು ಹೊರಟರು.

ಒಂದು ದಿನ ಯಾವುದೋ ಕಂಪನಿಯ ಪತ್ರ ಬಂತು. ಕೊಳ್ಳುವವರು ಸಿದ್ಧರಿದ್ದಾರೆ, ವರ್ಗಾವಣೆ ಶುಲ್ಕವನ್ನು ಮಾತ್ರ ನೀವು ಮೊದಲೇ ಕಟ್ಟಬೇಕು ಎಂದಿತ್ತು. ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದರು. ಕಟ್ಟಿಯೂ ಬಿಟ್ಟರು. ಮರುದಿನದಿಂದ ಆ ಕಂಪನಿಯ ಫೋನು ಎತ್ತುವವರೇ ಇಲ್ಲ.

ವಿಷಯ ತಿಳಿದ ಮಗಳು ಸಿಡಿದೆದ್ದಳು. "ಅಲ್ಲಪ್ಪಾ, ಮಾರೋರಿಗೆ ದುಡ್ಡು ಬರಬೇಕೋ, ಮಾರೋರೇ ದುಡ್ಡು ಕೊಡಬೇಕೋ? ಊರವರ ತಪ್ಪೆಲ್ಲ ಕಾಣುತ್ತೆ ನಿಮಗೆ, ಇದೊಂದು ಕಾಣಲಿಲ್ವಾ?"

ಅವರು ಪತ್ರ ಬಿಡಿಸಿ, ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟರು. ಆ ಹೆಸರಿನ ಒತ್ತಕ್ಷರವನ್ನು ಎಲ್ಲರೂ ನುಂಗುತ್ತಿದ್ದರು. ಅವಳ ಮರಣ ಪ್ರಮಾಣಪತ್ರದಲ್ಲೂ ಅದು ಇರಲಿಲ್ಲ.

"ನಿಮ್ಮಮ್ಮನ ಹೆಸರನ್ನ ಸರಿಯಾಗಿ ಬರೆದೋರು," ಎಂದರು, "ಇವರೊಬ್ಬರೇ ಕಣಮ್ಮ."