ಪವಮಾನಾಚಾರ್ಯರ ಕಾಗೆ ಫೋಟೋ

ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಪವಮಾನಾಚಾರ್ಯರ ಮನೆ ಯಾವುದೆಂದು ಕೇಳಿದರೆ, ಹಾಲಿನವನು ಕೂಡ "ಕೌವಾವಾಲೇ ಪಂಡಿತ್‌ಜೀ?", ಕಾಗೆ ಪಂಡಿತರಾ, ಎಂದು ಕೈ ತೋರಿಸುತ್ತಾನೆ. ಮೂರು ತಲೆಮಾರಿನಿಂದ ಕಾಶಿಯಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತ ಬಂದ ಮನೆತನ ಅವರದು. ಅಜ್ಜ ವೇದಕ್ಕೆ ಹೆಸರಾದವರು, ಅಪ್ಪ ಸಿಟ್ಟಿಗೆ. ಪವಮಾನಾಚಾರ್ಯರು ಹೆಸರಾದದ್ದು ಕಾಗೆಯ ಫೋಟೋದಿಂದ.

ಆರು ವರ್ಷದ ಹಿಂದೆ ಹುಬ್ಬಳ್ಳಿಯ ಯಾತ್ರಿಕರೊಬ್ಬರು ತಮ್ಮ ಹಳೆಯ ಕ್ಯಾಮೆರಾವನ್ನು ಉದ್ದನೆಯ ಲೆನ್ಸಿನ ಸಮೇತ ದಕ್ಷಿಣೆಯ ಜೊತೆ ಕೊಟ್ಟುಹೋದರು. ಅಂದಿನಿಂದ ಆಚಾರ್ಯರ ಕೈ ನಿಲ್ಲಲಿಲ್ಲ. ಚಳಿಗಾಲದಲ್ಲಿ ನೀರಿನ ಮೇಲೆ ಇಳಿಯುವ ಬಿಳಿ ಹಕ್ಕಿಗಳು, ಛತ್ರಿಯ ಕೆಳಗೆ ಮಲಗಿದ ಗೂಳಿ, ಕನ್ನಡಕ ಕದ್ದ ಕೋತಿ, ಯಾವುದನ್ನೂ ಬಿಡಲಿಲ್ಲ. ನೀಲಗಾಯಿ ಎಂಬ ಕಾಡುಪ್ರಾಣಿಯನ್ನು ಕ್ಯಾಮೆರಾದಲ್ಲಿ ಹಿಡಿಯಲೆಂದು ಆಚೆ ದಂಡೆಯ ಮರಳಿನಲ್ಲಿ ಇಡೀ ಬೆಳಗು ಹೊಟ್ಟೆಯ ಮೇಲೆ ಮಲಗಿ, ಕೊನೆಗೆ ಅದರ ಬಾಲದ ಒಂದು ಫೋಟೋ ತಂದರು. ಅದನ್ನೂ ಚೌಕಟ್ಟು ಹಾಕಿಸಿ ದೇವರಮನೆಯ ಬಾಗಿಲಿಗೆ ತೂಗುಹಾಕಿದರು.

"ನಮಸ್ಕಾರ ಮಾಡ್ಲಿಕ್ಕೆ ತಲಿ ಎತ್ತಿದ್ರ ಮೊದಲ ಬಾಲ ಕಾಣಸ್ತದ," ಎಂದು ಹೆಂಡತಿ ವಸುಮತಿ ಗೊಣಗಿದರು.

"ವನ್ಯಜೀವಿ ಅದು. ನಿನಗೇನ ತಿಳೀತದ," ಎಂದರು ಆಚಾರ್ಯರು.

ಕಲೆ ಕಸುಬಿಗೂ ಬಂತು. ಕಾಶಿಗೆ ಬರಲಾಗದವರ ಪರವಾಗಿ ಸಂಕಲ್ಪ ಮಾಡಿ, ಕರ್ಮ ಮುಗಿದ ಮೇಲೆ ವಾಟ್ಸಾಪಿನಲ್ಲಿ ಫೋಟೋ ಕಳಿಸತೊಡಗಿದರು. ಗೋದಾನದ ಹಸು ನಿಜಕ್ಕೂ ಗಲ್ಲಿಯಲ್ಲಿ ರಟ್ಟಿನ ಡಬ್ಬಿ ಮೆಲ್ಲುತ್ತಿತ್ತು. ದಾನ ಕೊಟ್ಟವರ ಮೊಬೈಲಿಗೆ ಹೋಗುತ್ತಿದ್ದದ್ದು ಸಾರನಾಥದ ಸಾಸಿವೆ ಹೊಲದಲ್ಲಿ ನಿಂತ ಬೇರೆ ಯಾರದೋ ಹಸು. ಪ್ರಾಣಿಯನ್ನು ಪ್ರಕೃತಿಯ ನಡುವೆಯೇ ತೋರಿಸಬೇಕು ಎಂಬುದು ಆಚಾರ್ಯರ ಸಿದ್ಧಾಂತ. ಯಾವ ಪ್ರಾಣಿ, ಯಾವ ಪ್ರಕೃತಿ ಎಂದು ಯಾರೂ ಕೇಳುತ್ತಿರಲಿಲ್ಲ.

ಆದರೆ ಎಲ್ಲರಿಗೂ ಬೇಕಾದದ್ದು ಕಾಗೆ. ಪಿಂಡವನ್ನು ಕಾಗೆ ಮುಟ್ಟಿದರೆ ಸತ್ತವರು ತೃಪ್ತರಾದರು ಎಂದು ಲೆಕ್ಕ. ಮುಟ್ಟದಿದ್ದರೆ ಮನೆಯವರು ಕೈಮುಗಿದು, ಸತ್ತವರ ಮನಸ್ಸಿನಲ್ಲಿ ಉಳಿದದ್ದೇನು ಎಂದು ನೆನೆದು, "ಅದನ್ನ ನಡಸ್ತೀವಿ" ಎಂದು ಮಾತು ಕೊಡಬೇಕು. ಆಗಲೂ ಬರದಿದ್ದರೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುತ್ತಾರೆ. ಅಜ್ಜನ ಕಾಲದ ದರ್ಭೆಕಾಗೆಯ ಜಾಗಕ್ಕೆ ಪವಮಾನಾಚಾರ್ಯರ ಕಾಲದಲ್ಲಿ ಹಳೆಯ ಫೋಟೋ ಬಂತು. ಎಡರೆಕ್ಕೆಯಲ್ಲಿ ಒಂದು ಬಿಳಿ ಗರಿಯಿದ್ದ ಕಾಗೆಯೊಂದಕ್ಕೆ ಅವರು ದಿನಾ ಬಿಸ್ಕತ್ತು ಹಾಕಿ ಪಳಗಿಸಿದ್ದರು. ಅದು ಪಿಂಡಕ್ಕೆ ಕೊಕ್ಕಿಟ್ಟ ಒಂದು ಚಂದದ ಫೋಟೋ ಇತ್ತು. ಕಾಗೆ ಬಾರದ ದಿನ ಅದನ್ನೇ ಕಳಿಸುತ್ತಿದ್ದರು. ಆ ಒಂದು ಕಾಗೆ ಬೀದರಿನಿಂದ ಬಳ್ಳಾರಿಯವರೆಗೆ ಎಷ್ಟು ಮನೆತನಗಳನ್ನು ಉದ್ಧಾರ ಮಾಡಿತೋ ದೇವರೇ ಬಲ್ಲ.

ಹೀಗಿರುವಾಗ ಬಾಗಲಕೋಟೆಯ ಗೋದಾಬಾಯಿಯವರ ಫೋನು ಬಂತು. ಗಂಡ ರಾಮಚಂದ್ರರಾಯರು ತೀರಿಕೊಂಡು ವರ್ಷವಾಗುತ್ತಿತ್ತು. ಮೊಣಕಾಲು ನೋವು, ತಾವು ಬರಲಾರರು. "ಎಲ್ಲಾ ನೀವು ಮಾಡ್ರಿ. ಕಾಗಿ ಬಂತೋ ಇಲ್ಲೋ ಅಷ್ಟ ನನಗ ಖರೇ ಹೇಳ್ರಿ ಆಚಾರ್ರ," ಎಂದರು.

ಶ್ರಾದ್ಧದ ದಿನ ಬೆಳಕು ಅಪರೂಪವಾಗಿತ್ತು. ಮಂಜು ಹರಿದು ನದಿಯ ಮೇಲೆ ಹಳದಿ ಬಿಸಿಲು ಬಿದ್ದಿತ್ತು. ಘಾಟಿನ ಮೆಟ್ಟಿಲ ಮೇಲೆ ಪಿಂಡದ ಎಲೆ ಇಟ್ಟ ಕೂಡಲೇ ಬಿಳಿಗರಿಯ ಕಾಗೆ ಹಾರಿಬಂತು. ಹಿಂದೆ ಪ್ಲಾಸ್ಟಿಕ್ ಬಾಟಲಿ ಕಾಣುತ್ತದೆಂದು ಆಚಾರ್ಯರು ಎಲೆಯನ್ನು ಎಡಕ್ಕೆ ಸರಿಸಿದರು. ಕಾಗೆ ಹಾರಿತು, ಮತ್ತೆ ಬಂತು. ನೆರಳು ಬಿತ್ತೆಂದು ಒಂದು ಮೆಟ್ಟಿಲು ಕೆಳಗಿಟ್ಟರು. ಮತ್ತೆ ಬಂತು. ದೋಣಿಯ ಹಗ್ಗ ಅಡ್ಡ ಬಂತೆಂದು ಮೂರನೆಯ ಸಲ ಸರಿಸಿದಾಗ ಕಾಗೆಗೆ ತಲೆಕೆಟ್ಟು, ಹೋಗಿ ದೋಣಿಯ ಅಂಚಿನಲ್ಲಿ ಬೆನ್ನು ತಿರುಗಿಸಿ ಕೂತಿತು. ಒಂದು ತಾಸು ಕಾದರು. ಅದು ಈ ಕಡೆ ಮುಖ ಹಾಕಲಿಲ್ಲ. ಆ ಬೆನ್ನಿನದೇ ಒಂದು ಫೋಟೋ ತೆಗೆದು, ಬಿಸಿಲೇರಿದ್ದರಿಂದ ಮನೆಗೆ ಬಂದು, ಗೋದಾಬಾಯಿಯವರಿಗೆ ಆ ಹಳೆಯ ಫೋಟೋ ಕಳಿಸಿ ಊಟಕ್ಕೆ ಕೂತರು.

ಸಾರಿನ ಅನ್ನ ಕಲಸುವಾಗ ಫೋನು ಬಂತು.

"ನೋಡಿದೆ ಆಚಾರ್ರ," ಎಂದರು ಗೋದಾಬಾಯಿ. ದನಿ ಒಣಗಿತ್ತು. "ಹತ್ತನೇ ದಿನ ನಮ್ಮೂರಾಗ ಕಾಗಿ ಬಂದಿದ್ದಿಲ್ಲ. ದರ್ಭಿ ಮುಟ್ಟಿಸಿ ಮುಗಿಸಿದ್ರು. ಮಗಳು ಅದಿತಿ ಮನಸ್ಸಿಗೆ ಬಂದವನ್ನ ಲಗ್ನ ಆದ್ಲಂತ ಇವರು ಮನಿ ಬಾಗಲಾ ಹಾಕಿದ್ರು. ಎಂಟು ವರ್ಷ ಆತು. ಕಡೀಕ ಆಕಿನ್ನ ನೋಡೋ ಆಸೆ ಇತ್ತೇನೋ ಅಂತ ವರ್ಷಾ ಪೂರಾ ನನಗ ಸಂಶಯ. ಕಾಶ್ಯಾಗೂ ಕಾಗಿ ಬರದಿದ್ರ ಅದಿತಿನ್ನ ಮನೀಗೆ ಕರಸೋದಂತ ಠರಾಯಿಸಿದ್ದೆ. ಬಂತಲ್ಲ. ಅವರಿಗೆ ಆಕಿ ಬ್ಯಾಡಾಗಿದ್ಲು ಅಂತ ಆತು. ಸತ್ತವರ ಮಾತು ಮೀರೂದು ನನ್ನ ಕಡಿಂದ ಆಗೂದಿಲ್ರಿ."

ಫೋನು ಇಟ್ಟರು. ಆಚಾರ್ಯರು ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದರು. ವಸುಮತಿ ಎಲ್ಲ ಕೇಳಿಸಿಕೊಂಡಿದ್ದರು.

"ಒಬ್ಬ ಮಗಳ ಬಾಗಲಾ ನಿಮ್ಮ ಫೋಟೋ ಹಾಕ್ತು," ಎಂದು ಅಷ್ಟೇ ಹೇಳಿ ಮಜ್ಜಿಗೆ ತರಲು ಎದ್ದರು.

ಆಚಾರ್ಯರು ದೇವರಮನೆಗೂ ಹೋದರು, ಮಾಳಿಗೆಗೂ ಹೋದರು. ಖರೆ ಹೇಳಿದರೆ ಬಾಗಲಕೋಟೆಯ ಸುದ್ದಿ ಹುಬ್ಬಳ್ಳಿಗೆ, ಅಲ್ಲಿಂದ ರಾಯಚೂರಿಗೆ. ಬಿಳಿಗರಿಯ ಕಾಗೆ ಎಷ್ಟು ಮೊಬೈಲುಗಳಲ್ಲಿ ಕೂತಿದೆಯೋ, ಅಷ್ಟೂ ಮನೆಯವರು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಮೂರು ತಲೆಮಾರಿನ ಹೆಸರು ನೀರಿಗೆ ಹೋಗುತ್ತದೆ. ಆದರೆ ಕಾಗೆ ಬಾರದಿದ್ದಾಗ ಮನೆಯವರಿಗೆ ಒಂದು ಮಾತು ಕೊಡುವ ಅವಕಾಶವಿರುತ್ತದೆ. ಆರು ವರ್ಷದಿಂದ ತಾವು ಕದ್ದದ್ದು ಅದನ್ನೇ ಎಂದು ಅವರಿಗೆ ಈಗ ಹೊಳೆಯಿತು, ನಾಚಿಕೆಯೂ ಆಯಿತು.

ಸಂಜೆಯ ಹೊತ್ತಿಗೆ ಬೆನ್ನು ತಿರುಗಿಸಿದ ಕಾಗೆಯ ಫೋಟೋ ಕಳಿಸಿ ತಾವೇ ಫೋನು ಮಾಡಿದರು. ಹಳೆಯ ಫೋಟೋದ ವಿಷಯ, ಎಲೆ ಸರಿಸಿದ್ದು, ಕಾಗೆ ಮುನಿದದ್ದು, ಒಂದನ್ನೂ ಬಚ್ಚಿಡಲಿಲ್ಲ. "ತಪ್ಪು ನಂದು ಗೋದಾಬಾಯಾರ. ನಾ ಎಲಿ ಸರಸದಿದ್ರ ಅದು ತಿಂತಿತ್ತು," ಎಂದರು.

ಗೋದಾಬಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೈದರು. ಬಾಗಲಕೋಟೆಯ ಬೈಗುಳ ಎಂದರೆ ಸಾಮಾನ್ಯವಲ್ಲ. ಆಚಾರ್ಯರ ಅಜ್ಜನೂ ಅದರಲ್ಲಿ ಬಂದುಹೋದರು. ಕೊನೆಗೆ ದನಿ ಇಳಿಯಿತು.

"ಫೋಟೋ ನೋಡೀನಿ. ಹಿಂಗ ಬೆನ್ನು ತಿರುಗಿಸಿ ಕೂಡೂದು ನಮ್ಮ ರಾಯರದ ರೀತಿ. ನೀವು ಎಲಿ ಸರಸಿದ್ರಿ ಅನ್ನೂದು ನೆವಾ ಅಷ್ಟ. ಅದಿತಿನ್ನ ಕರಕೊಂಡು ನಾನ ಬರ್ತೀನಿ. ಮೊಣಕಾಲು ಹೋದ್ರ ಹೋಗ್ಲಿ. ನಿಮ್ಮ ಕ್ಯಾಮೆರಾ ಮಾತ್ರ ಮನ್ಯಾಗ ಇರ್ಲಿ."

ಹದಿನೈದನೆಯ ದಿನ ಕಂಟೋನ್ಮೆಂಟ್ ಸ್ಟೇಶನ್ನಿನಿಂದ ಆಟೋದಲ್ಲಿ ತಾಯಿ ಮಗಳು ಬಂದಿಳಿದರು. ಅದಿತಿಯ ಕೈಹಿಡಿದು ಗೋದಾಬಾಯಿ ಘಾಟಿನ ಒಂದೊಂದೇ ಮೆಟ್ಟಿಲು ಇಳಿದರು. ಆಚಾರ್ಯರು ಎಲೆ ಇಟ್ಟರು. ಪಕ್ಕದಲ್ಲಿ ಬಾಟಲಿ ಬಿದ್ದಿತ್ತು, ಹಗ್ಗವೂ ಅಡ್ಡವಿತ್ತು. ಅವರ ಕೈ ತುರಿಸಿದರೂ ಮುಟ್ಟಲಿಲ್ಲ.

"ಮಗಳು ಬಂದಾಳ ನೋಡ್ರಿ. ಇನ್ನ ಮ್ಯಾಲೆ ಮನೀಗೂ ಬರ್ತಾಳ," ಎಂದು ಗೋದಾಬಾಯಿ ಎಲೆಗೆ ಕೈಮುಗಿದರು.

ಬಿಳಿಗರಿಯ ಕಾಗೆ ಇಳಿದುಬಂತು. ಬಂದದ್ದು ಎಲೆಯ ಹತ್ತಿರವಲ್ಲ, ಆಚಾರ್ಯರ ಕಾಲ ಬಳಿಗೆ. ಕತ್ತು ಓರೆ ಮಾಡಿ ಬಿಸ್ಕತ್ತಿಗಾಗಿ ನೋಡಿತು. ಆಚಾರ್ಯರು ಬರಿಗೈ ಬಿಚ್ಚಿ ತೋರಿಸಿದರು. ಕಾಗೆ ಒಂದು ಗಳಿಗೆ ನಿಂತು, ಕುಪ್ಪಳಿಸಿ ಹೋಗಿ ಪಿಂಡಕ್ಕೆ ಕೊಕ್ಕಿಟ್ಟಿತು.

ಅದಿತಿ ಅಳುತ್ತಲೇ ಮೊಬೈಲು ಎತ್ತಿದಳು. ಗೋದಾಬಾಯಿ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಬ್ಯಾಡವಾ. ಊಟಾ ಮಾಡೂ ಹೊತ್ತಿನ್ಯಾಗ ಯಾರರ ನಿಂತು ನೋಡಿದ್ರ ನಿಮ್ಮಪ್ಪಗ ಸೇರ್ತಿರಲಿಲ್ಲ."

ಮೂವರೂ ನದಿಯ ಕಡೆ ಮುಖ ತಿರುಗಿಸಿ ನಿಂತರು.